ಬೆತ್ತ ಇಲ್ಲದ್ದಕ್ಕೆ ಬಂದದ್ದಲ್ಲ ಗಾಂಜಾ

ಹದಿನೈದು ಹದಿನಾರರ ಹುಡುಗನೊಬ್ಬನ ಜೇಬಿನಲ್ಲಿ ಗಾಂಜಾ ಪೊಟ್ಟಣ ಸಿಕ್ಕಿತು ಎಂಬ ಸುದ್ದಿ ಬಂದ ದಿನ ಊರು ಆಡುವ ಮಾತು ಬಹುಮಟ್ಟಿಗೆ ಒಂದೇ. ಮನೆಯಲ್ಲಿ ಸಲುಗೆ ಜಾಸ್ತಿಯಾಯಿತು. ಕೇಳಿದ್ದೆಲ್ಲ ತಂದುಕೊಟ್ಟರು. ಮೊಬೈಲು, ಸಿನಿಮಾ, ಕೆಟ್ಟ ಸಹವಾಸ. ಕೊನೆಗೆ ತೀರ್ಪಿನಂತೆ ಇನ್ನೊಂದು ಮಾತು: ಮೇಷ್ಟ್ರ ಕೈಯಿಂದ ಬೆತ್ತ ಕಿತ್ತುಕೊಂಡಿರಲ್ಲ, ಈಗ ಅನುಭವಿಸಿ. ಇದು ಅಂಗಡಿ ಕಟ್ಟೆಯ ಹರಟೆಗೆ ಮುಗಿಯುವುದಿಲ್ಲ. ಶಾಲೆಯ ಪೋಷಕರ ಸಭೆಯಲ್ಲಿ, ಟೀವಿ ಚರ್ಚೆಯಲ್ಲಿ, ಮಾದಕವಸ್ತು ವಿರೋಧಿ ಜಾಥಾದ ವೇದಿಕೆಯಲ್ಲೂ ಇದೇ ಕೇಳಿಸುತ್ತದೆ. 'ದಂಡಂ ದಶಗುಣಂ' ಎಂಬ ಹಳೆಯ ನಂಬಿಕೆಗೆ ಗಾಂಜಾ ಹೊಸ ಪುರಾವೆಯಾಗಿ ಒದಗಿಬಂದಿದೆ.

ಈ ನಂಬಿಕೆ ತಪ್ಪು. ಬರೀ ತಪ್ಪಲ್ಲ, ತಲೆಕೆಳಗಾದದ್ದು. ಗಾಂಜಾದಲ್ಲಿ ಆಳಕ್ಕೆ ಮುಳುಗುವ ಹದಿಹರೆಯದವರಲ್ಲಿ ಬಹಳ ಮಂದಿ ಪೆಟ್ಟು ಸಾಲದೆ ಕೆಟ್ಟವರಲ್ಲ. ಪೆಟ್ಟು, ಹೀಯಾಳಿಕೆ, ಲೈಂಗಿಕ ದೌರ್ಜನ್ಯ, ಅನಾದರ, ಇವುಗಳಲ್ಲಿ ಒಂದನ್ನೋ ಹಲವನ್ನೋ ಎಳವೆಯಲ್ಲೇ ಉಂಡವರು. ಅಂಥ ಮಕ್ಕಳಿಗೆ ಇನ್ನಷ್ಟು ಏಟು ಕೊಡಿ ಎನ್ನುವುದು ಅವರನ್ನು ಆ ಪೊಟ್ಟಣದ ಕಡೆಗೇ ದಬ್ಬುವ ಕೆಲಸ.

ಬೆತ್ತ ಇಲ್ಲವಾಯಿತು ಎಂಬ ದೂರನ್ನೇ ಮೊದಲು ನೋಡೋಣ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಒಂದು ವರದಿ ಹೊರತಂದಿತು. ಪ್ರತಿ ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದ್ದರು. ಮನೆಯೊಳಗೆ ಪೆಟ್ಟು ತಿಂದವರಲ್ಲಿ ಶೇ 88.6 ಮಕ್ಕಳಿಗೆ ಹೊಡೆದವರು ಹೆತ್ತವರೇ. ಶಾಲೆಗೆ ಹೋಗುವವರಲ್ಲಿ ಶೇ 65 ಮಕ್ಕಳು ಅಲ್ಲಿಯೂ ಏಟು ತಿಂದಿದ್ದರು. ಶೇ 53.22 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರು. ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಬೇಕಾದ ಸ್ಥಾನದಲ್ಲಿದ್ದವರು. ಹೆಚ್ಚಿನ ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ.

ಶಾಲೆಯಲ್ಲಿ ಹೊಡೆಯುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದ್ದು 2009ರಲ್ಲಿ. ಆ ವರದಿಯ ಮಕ್ಕಳು ಬೆತ್ತ ಧಾರಾಳವಾಗಿದ್ದ ಕಾಲದವರು. ದೆಹಲಿಯ ಏಮ್ಸ್ ಸಂಸ್ಥೆ ಮಾದಕವಸ್ತು ಬಳಕೆಯ ರಾಷ್ಟ್ರೀಯ ಸಮೀಕ್ಷೆ ನಡೆಸುವ ಹೊತ್ತಿಗೆ ಅವರು ಯುವಕ ಯುವತಿಯರಾಗಿದ್ದರು. 2019ರಲ್ಲಿ ಪ್ರಕಟವಾದ ಆ ಸಮೀಕ್ಷೆ 10ರಿಂದ 75 ವರ್ಷದೊಳಗಿನವರನ್ನು ಲೆಕ್ಕ ಹಾಕಿತು. ಹಿಂದಿನ ಒಂದು ವರ್ಷದಲ್ಲಿ ಗಾಂಜಾ, ಚರಸ್ ಇಲ್ಲವೆ ಭಾಂಗ್ ಬಳಸಿದವರು ಸುಮಾರು 3.1 ಕೋಟಿ. ಅದರಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು ಸುಮಾರು 72 ಲಕ್ಷ. ಈ ಜನರಲ್ಲಿ ಬಹುಪಾಲು ಮಂದಿ ಬೆತ್ತಕ್ಕೆ ತಡೆಯಿಲ್ಲದ ಕಾಲದಲ್ಲಿ ಓದಿದವರು. ಹೊಡೆತಕ್ಕೆ ಗಾಂಜಾ ತಡೆಯುವ ಶಕ್ತಿಯಿದ್ದಿದ್ದರೆ ಅದು ಈ ತಲೆಮಾರುಗಳಲ್ಲಿ ಕಾಣಬೇಕಿತ್ತು.

ಇನ್ನೊಂದು ಅಂಕಿಯನ್ನು ಇಲ್ಲೇ ಇಡಬೇಕು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕಾಗಿ ನಡೆದು 2013ರಲ್ಲಿ ಹೊರಬಂದ ಅಧ್ಯಯನವು ಅಮಲು ಪದಾರ್ಥ ಬಳಸುತ್ತಿದ್ದ 4,024 ಮಕ್ಕಳನ್ನು ಮಾತನಾಡಿಸಿತ್ತು. ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಗಾಂಜಾ ಬಳಸಿದ್ದರು. ಶುರುವಾದ ಸರಾಸರಿ ವಯಸ್ಸು 13.4. ಏಳನೆಯದೋ ಎಂಟನೆಯದೋ ಕ್ಲಾಸಿನ ಮಗು. ಆ ವಯಸ್ಸಿನವರಿಗೆ 'ಸ್ವೇಚ್ಛಾಚಾರಿ' ಎಂಬ ಹಣೆಪಟ್ಟಿ ಅಂಟಿಸುವವರಿಗೆ ಆ ಮಗುವಿನ ಹಿಂದಿನ ಹತ್ತು ವರ್ಷ ಹೇಗೆ ಕಳೆಯಿತು ಎಂದು ಕೇಳುವ ಮನಸ್ಸಾಗುವುದಿಲ್ಲ.

ಹಾಗೆ ಕೇಳಿದರೆ ಏನು ಸಿಗುತ್ತದೆ ಎಂಬುದು ವೈದ್ಯಲೋಕಕ್ಕೆ ಗೊತ್ತಾದದ್ದು ತೂಕ ಇಳಿಸುವ ಚಿಕಿತ್ಸಾಲಯವೊಂದರಲ್ಲಿ. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ಕೈಸರ್ ಪರ್ಮನೆಂಟೆ ಸಂಸ್ಥೆಯಲ್ಲಿ ವಿನ್ಸೆಂಟ್ ಫೆಲಿಟಿ ಎಂಬ ವೈದ್ಯರು ಒಂದು ವಿಚಿತ್ರ ಗಮನಿಸಿದರು. ಚಿಕಿತ್ಸೆ ಫಲಿಸಿ ತೂಕ ಇಳಿಯುತ್ತಿದ್ದವರೇ ನಡುವೆ ಬಿಟ್ಟುಹೋಗುತ್ತಿದ್ದರು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಬಾಲ್ಯದಿಂದ ಕೇಳುತ್ತ ಬಂದಾಗ ಅವರಲ್ಲಿ ಅನೇಕರು ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕವರೆಂದು ತಿಳಿಯಿತು. ವೈದ್ಯರಿಗೆ ರೋಗವಾಗಿ ಕಂಡ ದಪ್ಪ ಮೈ ಅವರಿಗೆ ರಕ್ಷಣೆಯಾಗಿತ್ತು. ಮಿತಿಮೀರಿ ತಿನ್ನುವುದು ಒಳಗಿನ ಸಂಕಟಕ್ಕೆ ಅವರೇ ಕಂಡುಕೊಂಡ ಮದ್ದಾಗಿತ್ತು. ಫೆಲಿಟಿ ಈ ಎಳೆ ಹಿಡಿದು ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಕೇಂದ್ರದ ರಾಬರ್ಟ್ ಆಂಡಾ ಅವರೊಡನೆ 17,000ಕ್ಕೂ ಹೆಚ್ಚು ವಯಸ್ಕರ ಬಾಲ್ಯವನ್ನೂ ಆರೋಗ್ಯವನ್ನೂ ಜೋಡಿಸಿ ನೋಡಿದರು. ಮೊದಲ ಫಲಿತಾಂಶ 1998ರಲ್ಲಿ ಬಂತು. ಈ ಜನ ಕೊಳೆಗೇರಿಯವರಲ್ಲ. ಹೆಚ್ಚಿನವರು ಓದಿದ, ಕೆಲಸದಲ್ಲಿದ್ದ, ಆರೋಗ್ಯ ವಿಮೆಯಿದ್ದ ಮಧ್ಯಮವರ್ಗದವರು. 2003ರಲ್ಲಿ ಶಾಂತಾ ದುಬೆ ಮತ್ತು ಸಂಗಡಿಗರು ಇದೇ ಮಾಹಿತಿಯಿಂದ ಮಾದಕವಸ್ತುಗಳ ಲೆಕ್ಕ ತೆಗೆದರು. ಬಾಲ್ಯದ ಒಂದೊಂದು ಬಗೆಯ ಹಿಂಸೆಯೂ ಚಿಕ್ಕ ವಯಸ್ಸಿನಲ್ಲೇ ಮಾದಕವಸ್ತು ಮುಟ್ಟುವ ಸಂಭವವನ್ನು ಎರಡರಿಂದ ನಾಲ್ಕು ಪಟ್ಟು ಏರಿಸಿತ್ತು. ಐದು ಅಥವಾ ಅದಕ್ಕಿಂತ ಹೆಚ್ಚು ಬಗೆಯ ನೋವು ಕಂಡವರಲ್ಲಿ ಮಾದಕವಸ್ತುವಿನ ತೊಂದರೆ ಏಳರಿಂದ ಹತ್ತು ಪಟ್ಟು ಹೆಚ್ಚಿತ್ತು.

ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ. ದೊಡ್ಡವರಾದ ಮೇಲೆ ನೆನಪಿನಿಂದ ಹೇಳಿದ್ದನ್ನು ನಂಬುವುದು ಹೇಗೆ? ಅಮಲಿಗೆ ಬಿದ್ದವನು ತನ್ನ ಸ್ಥಿತಿಗೆ ಕಾರಣ ಹುಡುಕುತ್ತ ಬಾಲ್ಯಕ್ಕೆ ಕಪ್ಪು ಬಳಿಯಬಹುದಲ್ಲ? ಕ್ಯಾಥಿ ವಿಡಮ್ ಎಂಬ ಸಂಶೋಧಕಿ ಇದನ್ನೇ ಪರೀಕ್ಷಿಸಿದರು. ಬಾಲ್ಯದ ಹಿಂಸೆ ನ್ಯಾಯಾಲಯದ ಕಡತದಲ್ಲಿ ದಾಖಲಾಗಿದ್ದ ಮಕ್ಕಳನ್ನು ಅವರು ದಶಕಗಳ ಕಾಲ ಹಿಂಬಾಲಿಸಿದರು. ಆ ಮಕ್ಕಳು ಮೂವತ್ತರ ಹತ್ತಿರ ಬಂದಾಗ, 1999ರ ವರದಿಯಲ್ಲಿ, ಕಡತಕ್ಕೂ ಮಾದಕವಸ್ತುವಿನ ತೊಂದರೆಗೂ ನಂಟು ಸಿಗಲಿಲ್ಲ. ನೆನಪಿನಿಂದ ಹೇಳಿದ್ದಕ್ಕೆ ಮಾತ್ರ ಸಿಕ್ಕಿತು. ಈ ಫಲಿತಾಂಶವನ್ನು ಮುಚ್ಚಿಡುವುದು ಅಪ್ರಾಮಾಣಿಕತನ. ಅದೇ ಜನ ನಲವತ್ತರ ಆಸುಪಾಸಿಗೆ ಬಂದಾಗ, 2006ರ ವರದಿಯಲ್ಲಿ, ಚಿತ್ರ ಬದಲಾಗಿತ್ತು. ಹಿಂಸೆಯ ದಾಖಲೆಯಿದ್ದವರು ಹಿಂದಿನ ಒಂದು ವರ್ಷದಲ್ಲಿ ಮಾದಕವಸ್ತು, ಅದರಲ್ಲೂ ಗಾಂಜಾ, ಬಳಸಿದ ಸಂಭವ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟಿತ್ತು.

ಹದಿಹರೆಯದ ಗಾಂಜಾದ ಬಗ್ಗೆಯೇ ಹೆಚ್ಚು ನೇರವಾದ ಉತ್ತರ ಆಸ್ಟ್ರೇಲಿಯದ ಬ್ರಿಸ್ಬೇನ್‌ನಿಂದ ಬಂತು. ಅಲ್ಲಿಯ ಒಂದು ಆಸ್ಪತ್ರೆಯಲ್ಲಿ 1981ರಿಂದ ಕೆಲವು ವರ್ಷ ಹೆರಿಗೆಗೆ ಬಂದ ತಾಯಂದಿರನ್ನೂ ಅವರ ಮಕ್ಕಳನ್ನೂ, ಒಟ್ಟು 7,223 ಜೋಡಿಗಳನ್ನು, ಸಂಶೋಧಕರು ಅಧ್ಯಯನಕ್ಕೆ ಸೇರಿಸಿಕೊಂಡರು. ಮುಂದೆ ಯಾವ ಮಗುವಿನ ಮೇಲೆ ಹಿಂಸೆ ನಡೆಯಿತೆಂದು ಮಕ್ಕಳ ರಕ್ಷಣಾ ಇಲಾಖೆ ತನಿಖೆ ಮಾಡಿ ದೃಢಪಡಿಸಿತ್ತೋ ಆ ದಾಖಲೆಯನ್ನು ಇದಕ್ಕೆ ಜೋಡಿಸಿದರು. ಇಲ್ಲಿ ನೆನಪಿನ ಪ್ರಶ್ನೆಯೇ ಬರುವುದಿಲ್ಲ. ಹಿಂಸೆಯ ದಾಖಲೆ ಮೊದಲು, ಗಾಂಜಾದ ಪ್ರಶ್ನೆ ಆಮೇಲೆ. ಮಕ್ಕಳಿಗೆ 21 ತುಂಬಿದಾಗ ಕೇಳಿದರೆ, ದೃಢಪಟ್ಟ ಹಿಂಸೆ ಅನುಭವಿಸಿದವರು 17 ತುಂಬುವ ಮುನ್ನವೇ ಗಾಂಜಾ ಶುರುಮಾಡಿದ ಸಂಭವ, ದಿನವೂ ಸೇದುವ ಸಂಭವ, ಎರಡೂ ಇತರರ ಎರಡು ಪಟ್ಟಿಗಿಂತ ಹೆಚ್ಚಿತ್ತು. ಚಟವಾಗಿ ಅಂಟಿಕೊಂಡ ಸಂಭವವೂ ಹೆಚ್ಚಿತ್ತು. ಮನೆಯ ಬಡತನ, ತಾಯಿಯ ಓದು ಮುಂತಾದವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ನಂಟು ಅಳಿಸಿಹೋಗಲಿಲ್ಲ. ಮುಖ್ಯವಾದ ಮಾತೆಂದರೆ, ಹೊಡೆತವಷ್ಟೇ ಅಲ್ಲ, ಮಾನಸಿಕ ಹಿಂಸೆ ಮತ್ತು ಅನಾದರ ಕೂಡ ಈ ಹಾದಿಗೆ ತಂದು ನಿಲ್ಲಿಸಿದ್ದವು. 'ಯಾಕಾದರೂ ಹುಟ್ಟಿದೆಯೋ' ಎಂದು ದಿನವೂ ಕೇಳಿಸಿಕೊಂಡು ಬೆಳೆದ ಮಗುವಿನ ಮೈಮೇಲೆ ಬಾಸುಂಡೆ ಇರುವುದಿಲ್ಲ. ಆದ್ದರಿಂದ ನಮ್ಮ ಕಣ್ಣಿಗೆ ಆ ಮನೆ ಒಳ್ಳೆಯ ಮನೆ.

ಭಾರತಕ್ಕೆ ಇದು ಅನ್ವಯಿಸುವುದಿಲ್ಲ ಎನ್ನುವವರಿಗೂ ಉತ್ತರವಿದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ ಬೆಂಗಳೂರು, ಮೈಸೂರು ಸೇರಿದಂತೆ ದೇಶದ ಹಲವು ಕೇಂದ್ರಗಳಲ್ಲಿ ಸಾವಿರಾರು ಮಕ್ಕಳು ಮತ್ತು ಯುವಜನರನ್ನು ಒಳಗೊಂಡು ನಡೆದ ಸಿ-ವೇದ ಅಧ್ಯಯನವೂ ಇದೇ ದಿಕ್ಕನ್ನು ತೋರಿಸಿತು. ಬಾಲ್ಯದ ಕಹಿ ಅನುಭವಗಳು ಹೆಚ್ಚಾದಂತೆ ಅಮಲು ಪದಾರ್ಥಗಳ ದುರ್ಬಳಕೆಯೂ ಹೆಚ್ಚು.

ಇದು ನಡೆಯುವುದಾದರೂ ಹೇಗೆ? ರಾತ್ರಿ ಬಾಗಿಲು ತಟ್ಟಿದ ಸದ್ದಿನಿಂದಲೇ ಅಪ್ಪ ಇವತ್ತು ಎಷ್ಟು ಕುಡಿದಿದ್ದಾನೆಂದು ಅಳೆಯಲು ಕಲಿತ ಮಗುವನ್ನು ನೆನೆಯಬೇಕು. ಅದು ನಿದ್ದೆಯಲ್ಲೂ ಕಿವಿ ತೆರೆದುಕೊಂಡೇ ಇರುತ್ತದೆ. ಅಪಾಯವನ್ನು ಮೊದಲು ಗುರುತಿಸುವ ಮೆದುಳಿನ ಭಾಗ ಅಮಿಗ್ಡಲ. ಇಂಥ ಮಗುವಿನಲ್ಲಿ ಅದಕ್ಕೆ ವಿಶ್ರಾಂತಿಯೇ ಇಲ್ಲ. 2011ರಲ್ಲಿ ಲಂಡನ್ನಿನಲ್ಲಿ ಈಮನ್ ಮೆಕ್ರೋರಿ ಮತ್ತು ಸಂಗಡಿಗರು ಮನೆಯಲ್ಲಿ ಹಿಂಸೆ ಕಂಡ ಮಕ್ಕಳಿಗೆ ಸಿಟ್ಟಿನ ಮುಖಗಳ ಚಿತ್ರ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಅಮಿಗ್ಡಲ ಬೇರೆ ಮಕ್ಕಳಿಗಿಂತ ಜೋರಾಗಿ ಪ್ರತಿಕ್ರಿಯಿಸಿತು. ಯುದ್ಧ ಕಂಡು ಬಂದ ಸೈನಿಕರಲ್ಲಿ ಕಾಣುವ ಬಗೆ ಇದು. ಇದಕ್ಕೆ ಮೂರು ವರ್ಷ ಮೊದಲು, 2008ರಲ್ಲಿ, ಅಮೆರಿಕದ ಸಂಶೋಧಕರು ಇನ್ನೊಂದು ಗುಂಪಿನ ವಯಸ್ಕರಿಗೆ ಗಾಂಜಾದ ಮುಖ್ಯ ಅಂಶವಾದ ಟಿ.ಎಚ್.ಸಿ. ಕೊಟ್ಟು ಬೆದರಿಸುವ ಮುಖಗಳನ್ನು ತೋರಿಸಿದ್ದರು. ಅವರಲ್ಲಿ ಅದೇ ಅಮಿಗ್ಡಲದ ಪ್ರತಿಕ್ರಿಯೆ ತಗ್ಗಿತ್ತು.

ಈ ಎರಡು ಪ್ರಯೋಗಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಮೇಷ್ಟ್ರು ಕಾಣದ, ಪೊಲೀಸರು ಕಾಣದ ಸಂಗತಿ ಕಾಣುತ್ತದೆ. ಗೆಳೆಯರ ಗುಂಪಿನಲ್ಲಿ ಆರು ಹುಡುಗರು ಒಂದೇ ಜಾಯಿಂಟ್ ಸೇದುತ್ತಾರೆ. ಐವರಿಗೆ ಅದು ಒಂದು ಸಂಜೆಯ ಮಜಾ. ಆರನೆಯವನಿಗೆ ಅದು ಹುಟ್ಟಿದ ಮೇಲೆ ಮೊದಲ ಬಾರಿಗೆ ಸಿಕ್ಕ ನೆಮ್ಮದಿ. ಒಳಗಿನ ಕಾವಲು ನಿಂತಿತು, ಎದೆಬಡಿತ ಇಳಿಯಿತು, ನಿದ್ದೆ ಬಂತು. ಅವನು ಮರುದಿನ ಹುಡುಕುವುದು ಮಜಾವನ್ನಲ್ಲ, ಆ ನಿದ್ದೆಯನ್ನು. ಕೆಲವು ತಿಂಗಳಲ್ಲಿ ಮೈ ಒಗ್ಗಿಕೊಳ್ಳುತ್ತದೆ, ಪ್ರಮಾಣ ಏರುತ್ತದೆ. ಬಿಟ್ಟ ದಿನ ಸಿಡುಕು, ಕಳವಳ, ನಿದ್ದೆಗೇಡು, ಕೆಟ್ಟ ಕನಸು ಮರುಕಳಿಸುತ್ತವೆ. ಅವನಿಗೆ ಅದು ಗಾಂಜಾ ಬಿಟ್ಟದ್ದರ ಲಕ್ಷಣವಾಗಿ ಕಾಣುವುದಿಲ್ಲ, ಹಳೆಯ ಮನೆಯೇ ಮರಳಿ ಬಂದಂತೆ ಕಾಣುತ್ತದೆ. ಹದಿಹರೆಯದಲ್ಲಿ ಗಾಂಜಾ ಶುರುಮಾಡಿದವರಲ್ಲಿ ಆರರಲ್ಲೊಬ್ಬರಿಗೆ ಅದು ಚಟವಾಗುತ್ತದೆ ಎಂಬುದು ತಜ್ಞರು ಸಾಮಾನ್ಯವಾಗಿ ಹೇಳುವ ಅಂದಾಜು. ಸಹವಾಸ ಆರು ಮಂದಿಗೂ ಒಂದೇ ಆಗಿತ್ತು. ಹಾಗಾದರೆ ಆ ಒಬ್ಬನೇ ಏಕೆ? 'ಕೆಟ್ಟ ಸಹವಾಸ'ದ ವಾದಕ್ಕೆ ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲ.

ಉತ್ತರ ಪೂರ್ತಿಯಾಗಿ ಬಾಲ್ಯದಲ್ಲೇ ಇದೆ ಎಂದು ಇಲ್ಲಿ ಹೇಳುತ್ತಿಲ್ಲ. ವಂಶವಾಹಿ ಇದೆ, ಬಡತನವಿದೆ, ಸುಲಭವಾಗಿ ಸಿಗುವ ಮಾಲು ಇದೆ. ಹಿಂಸೆ ಕಂಡ ಮಕ್ಕಳಲ್ಲಿ ಬಹಳ ಮಂದಿ ಗಾಂಜಾ ಮುಟ್ಟುವುದೇ ಇಲ್ಲ. ಅಕ್ಕರೆಯಲ್ಲಿ ಬೆಳೆದವರೂ ಕೆಲವರು ಮುಳುಗುತ್ತಾರೆ. ಗಾಂಜಾ ಸೇದುವ ಮಗುವಿನ ತಂದೆತಾಯಿಯನ್ನೆಲ್ಲ ಕಟಕಟೆಯಲ್ಲಿ ನಿಲ್ಲಿಸುವುದೂ ಅನ್ಯಾಯ. ಎಷ್ಟೋ ಸಲ ಹಿಂಸಿಸಿದವನು ನೆಂಟ, ಪಕ್ಕದ ಮನೆಯವನು, ಹಾಸ್ಟೆಲಿನವನು. ಹೆತ್ತವರಿಗೆ ಅದರ ಸುಳಿವೇ ಇರುವುದಿಲ್ಲ. ಆದರೆ ಗಾಂಜಾ ಸುಲಭವಾಗಿ ಸಿಗುವುದೊಂದೇ ಕಾರಣ ಎನ್ನುವವರು ಯಾದಗಿರಿ ಜಿಲ್ಲೆಯ ತಿಂಥಣಿಯನ್ನು ನೋಡಬೇಕು. ಮೌನೇಶ್ವರನ ಆ ಸನ್ನಿಧಿಯಲ್ಲಿ ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ರೂಢಿ ಪತ್ರಿಕೆಗಳಲ್ಲೇ ವರದಿಯಾಗಿದೆ. ಆ ಸೊಪ್ಪು ಈ ನೆಲಕ್ಕೆ ಹೊಸದಲ್ಲ. ಅದನ್ನು ದಿನದ ಮೂರು ಹೊತ್ತೂ ಬೇಡುವ ಹದಿನಾಲ್ಕರ ಮಗುವಿನ ಅವಸ್ಥೆಗೆ ಬೇರೆ ಕಾರಣ ಬೇಕು.

'ನಮ್ಮ ಕಾಲದಲ್ಲಿ ಎಲ್ಲರೂ ಏಟು ತಿಂದೆವು, ನಾವೇನು ಕೆಟ್ಟೆವೇ?' ಇದು ಈ ಚರ್ಚೆಯಲ್ಲಿ ಹಿರಿಯರ ಕೊನೆಯ ಅಸ್ತ್ರ. ಕೇಳುವವರು ಪಾರಾದವರು, ಪಾರಾಗದವರು ಇಂಥ ಚರ್ಚೆಗೆ ಬಂದು ಕೂರುವುದಿಲ್ಲ. ಆ ಕಾಲ ಅಮಲಿನಿಂದ ದೂರವಿತ್ತು ಎಂಬುದೂ ನಿಜವಲ್ಲ. ಸಾರಾಯಿ ಎಷ್ಟು ಮನೆಗಳನ್ನು ತಿಂದಿತ್ತೆಂದರೆ ಕರ್ನಾಟಕ ಸರ್ಕಾರ 2007ರ ಜುಲೈ 1ರಿಂದ ಅದನ್ನು ನಿಷೇಧಿಸಬೇಕಾಯಿತು. ಆ ಮನೆಗಳಲ್ಲಿ ಕುಡಿದು ಬಂದು ಹೊಡೆದವರಲ್ಲಿ ಎಷ್ಟು ಮಂದಿ ತಾವೂ ಹೊಡೆತ ತಿಂದೇ ಬೆಳೆದವರು ಎಂದು ಆಗ ಯಾರೂ ಕೇಳಲಿಲ್ಲ.

ಹಿಂಸೆ ಬೇರೆ, ಶಿಸ್ತಿಗೆ ಕೊಡುವ ಒಂದೆರಡು ಏಟು ಬೇರೆ ಎಂದು ವಾದಿಸುವವರು ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 2016ರಲ್ಲಿ ಮಾಡಿದ ಕೆಲಸ ನೋಡಬಹುದು. 1,60,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಅಧ್ಯಯನಗಳನ್ನು ಅವರು ಒಟ್ಟುಗೂಡಿಸಿ ಪರಿಶೀಲಿಸಿದರು, ಅದೂ ಗಾಯವಾಗುವಂಥ ಹೊಡೆತ ಬಿಟ್ಟು ಬರೀ ಅಂಗೈಯೇಟನ್ನು. ಅದರಿಂದ ಮಗುವಿನ ನಡತೆ ಸುಧಾರಿಸಿದ ಕುರುಹು ಸಿಗಲಿಲ್ಲ. ಹಟ, ಆಕ್ರಮಣಶೀಲತೆ, ಮಾನಸಿಕ ತೊಂದರೆಗಳ ಜತೆ ನಂಟು ಮಾತ್ರ ಸಿಕ್ಕಿತು. ಟ್ರೇಸಿ ಅಫಿಫಿ ಮತ್ತು ಸಂಗಡಿಗರು 2012ರಲ್ಲಿ 34,653 ಅಮೆರಿಕನ್ ವಯಸ್ಕರ ಮಾಹಿತಿ ನೋಡಿದಾಗ, ಗಂಭೀರ ದೌರ್ಜನ್ಯಕ್ಕೆ ಸಿಗದೆ ಕಠಿಣ ದೈಹಿಕ ಶಿಕ್ಷೆ ಮಾತ್ರ ಕಂಡವರಲ್ಲೂ ಮದ್ಯ ಮತ್ತು ಮಾದಕವಸ್ತುವಿನ ತೊಂದರೆ ಹೆಚ್ಚಿತ್ತು.

ಸ್ವೀಡನ್ 1979ರಲ್ಲಿ, ಜಗತ್ತಿನಲ್ಲೇ ಮೊದಲು, ಮನೆಯಲ್ಲೂ ಮಗುವಿನ ಮೇಲೆ ಕೈಮಾಡುವುದನ್ನು ಕಾನೂನಿನಿಂದ ನಿಷೇಧಿಸಿತು. ಬೆತ್ತದ ಪರವಾದವರ ಲೆಕ್ಕದಲ್ಲಿ ಆ ದೇಶದ ಹುಡುಗರು ಮರುವರ್ಷದಿಂದಲೇ ಹಾದಿ ತಪ್ಪಬೇಕಿತ್ತು. ಆದರೆ ನಿಷೇಧದ ಬೆನ್ನಿಗೇ ಬಂದ 1980ರ ದಶಕದಲ್ಲಿ ಮಾದಕವಸ್ತು ರುಚಿ ನೋಡಿದ ಶಾಲಾ ಮಕ್ಕಳ ಪ್ರಮಾಣ ಏರಲಿಲ್ಲ, ಇಳಿಯಿತು. 1990ರ ದಶಕದಲ್ಲಿ ಯುರೋಪಿನ ಇತರೆಡೆಯಂತೆ ಅಲ್ಲಿಯೂ ಏರಿತು. ಇಳಿದದ್ದಕ್ಕೆ ನಿಷೇಧವೇ ಕಾರಣವೆಂದು ಯಾರೂ ಹೇಳಬೇಕಿಲ್ಲ. ಬೆತ್ತ ಬಿಟ್ಟರೆ ಗಾಂಜಾ ಬರುತ್ತದೆ ಎಂಬ ಭವಿಷ್ಯವಾಣಿ ಸುಳ್ಳಾಯಿತು ಎಂದರೆ ಸಾಕು.

ನಂಬಿಕೆ ತಪ್ಪಾಗಿದ್ದರೂ ತಲೆಯೊಳಗೇ ಉಳಿದಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಅದು ಮಗುವಿನ ಮೇಲೆ ದಿನವೂ ಜಾರಿಯಾಗುತ್ತಿದೆ. ಬ್ಯಾಗಿನಲ್ಲಿ ಪೊಟ್ಟಣ ಸಿಕ್ಕರೆ ಶಾಲೆ ಕೈಗೆ ಟಿ.ಸಿ. ಕೊಟ್ಟು ಕಳಿಸುತ್ತದೆ. ಮನೆಯಲ್ಲಿ ಅಪ್ಪ ಬೆಲ್ಟು ತೆಗೆಯುತ್ತಾನೆ. ಠಾಣೆಯಲ್ಲಿ ಎರಡು ಬಿಗಿದು 'ಯಾರು ಕೊಟ್ಟದ್ದು ಹೇಳು' ಎನ್ನುತ್ತಾರೆ. ವ್ಯಸನಮುಕ್ತಿಯ ಹೆಸರಿನಲ್ಲಿ ಕೂಡಿಹಾಕುವ ಜಾಗಗಳೂ ಇವೆ. ಹೊಡೆತ, ಅವಮಾನ, ದೂರ ತಳ್ಳುವಿಕೆ: ಯಾವುದರಿಂದ ಓಡಿ ಆ ಮಗು ಗಾಂಜಾಕ್ಕೆ ಬಂದಿತ್ತೋ ಅದನ್ನೇ ಚಿಕಿತ್ಸೆಯೆಂದು ಮತ್ತೆ ಕೊಡುತ್ತೇವೆ. ಹುಡುಗಿಯರ ವಿಷಯವಂತೂ ಹೊರಗೇ ಬರುವುದಿಲ್ಲ. ಮರ್ಯಾದೆಗೆ ಅಂಜಿ ಮನೆಯವರು ಮುಚ್ಚಿಡುತ್ತಾರೆ, ಮಗು ಹಿಂಸಿಸಿದವನ ಕಣ್ಣೆದುರೇ ಉಳಿಯುತ್ತದೆ.

ಕಾನೂನು ನಮ್ಮ ನಡವಳಿಕೆಗಿಂತ ಎಷ್ಟೋ ಮುಂದಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಾದಕವಸ್ತುವಿನ ಬಳಕೆಗೋ ಸಾಗಣೆಗೋ ಸಿಲುಕುವ ಅಪಾಯದಲ್ಲಿರುವ ಮಗು 'ಪಾಲನೆ ಮತ್ತು ರಕ್ಷಣೆ ಬೇಕಾದ ಮಗು'. ಅದನ್ನು ಹಾಜರುಪಡಿಸಬೇಕಾದ್ದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಮಗುವಿಗೆ ಮಾದಕವಸ್ತು ಕೊಟ್ಟವನಿಗೆ 77ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಕಠಿಣ ಸಜೆಯಿದೆ. ತನ್ನ ವಶದಲ್ಲಿರುವ ಮಗುವನ್ನು ಹಿಂಸಿಸುವವನಿಗೆ 75ನೇ ಕಲಂ ಇದೆ. ಬಚ್‌ಪನ್ ಬಚಾವೊ ಆಂದೋಲನ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 14ರಂದು ರಾಷ್ಟ್ರೀಯ ಸಮೀಕ್ಷೆ ನಡೆಸಿ, ಮಕ್ಕಳ ಮಾದಕವಸ್ತು ಬಳಕೆ ತಡೆಯುವ ರಾಷ್ಟ್ರೀಯ ಯೋಜನೆ ರೂಪಿಸಿ, ಶಾಲಾ ಪಠ್ಯದಲ್ಲೂ ವಿಷಯ ಸೇರಿಸಿ ಎಂದು ಕೇಂದ್ರಕ್ಕೆ ಹೇಳಿತು. ಇಷ್ಟಾದರೂ ನಮ್ಮ ಶಾಲೆಗಳಲ್ಲಿ ಜೂನ್ 26 ಬಂದರೆ ಮಾದಕವಸ್ತು ವಿರೋಧಿ ದಿನದ ಜಾಥಾ, ಪ್ರತಿಜ್ಞೆ, ಪ್ರಬಂಧ ಸ್ಪರ್ಧೆ. ಭಯ ಹುಟ್ಟಿಸುವ ಭಾಷಣದ ಗತಿ ಏನಾಗುತ್ತದೆಂದು ಅಮೆರಿಕ ಆಗಲೇ ಕಂಡಿದೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ 'ಡೇರ್' ಕಾರ್ಯಕ್ರಮದಲ್ಲಿ ಪೊಲೀಸರೇ ತರಗತಿಗೆ ಬಂದು ಪಾಠ ಹೇಳಿದರು, ಅದು ದೇಶವೆಲ್ಲ ಹಬ್ಬಿತು. 1990ರ ದಶಕದಿಂದ ಬಂದ ಹಲವು ಮೌಲ್ಯಮಾಪನಗಳು ಮಕ್ಕಳ ಮಾದಕವಸ್ತು ಬಳಕೆಯ ಮೇಲೆ ಅದರ ಪರಿಣಾಮ ಬಹುತೇಕ ಶೂನ್ಯವೆಂದವು.

ಫಲ ಕೊಡುವ ದಾರಿಗಳಿವೆ. ಗಾಂಜಾ ಚಟಕ್ಕೆ ಇವತ್ತಿಗೂ ಮಾನ್ಯತೆ ಪಡೆದ ಔಷಧಿಯಿಲ್ಲ, ಮಾತಿನ ಚಿಕಿತ್ಸೆಯೇ ಮುಖ್ಯ. ಬೆಲ್ಜಿಯಂ, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಗಾಂಜಾ ತೊಂದರೆಯಿದ್ದ 450 ಹದಿಹರೆಯದವರ ಮೇಲೆ ನಡೆದ ಪ್ರಯೋಗದಲ್ಲಿ ಇಡೀ ಕುಟುಂಬವನ್ನು ಕೂರಿಸಿಕೊಂಡು ಕೊಟ್ಟ ಚಿಕಿತ್ಸೆ ಚಟದ ತೀವ್ರತೆಯನ್ನು ಹೆಚ್ಚು ತಗ್ಗಿಸಿತು. ಅಮೆರಿಕದ ಕಾರ್ಲಾ ಡೇನಿಯಲ್ಸನ್ 2020ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಹತ್ತಿರದ್ದು. ಹಿಂಸೆಗೆ ಒಳಗಾಗಿ, ಜತೆಗೆ ಮಾದಕವಸ್ತುವನ್ನೂ ಬಳಸುತ್ತಿದ್ದ 124 ಹದಿಹರೆಯದವರಲ್ಲಿ ಆಘಾತಕ್ಕೂ ಚಟಕ್ಕೂ ಒಟ್ಟಿಗೆ ಚಿಕಿತ್ಸೆ ಪಡೆದವರು, ಎಂದಿನ ಚಿಕಿತ್ಸೆ ಪಡೆದವರಿಗಿಂತ ಒಂದೂವರೆ ವರ್ಷದ ನಂತರವೂ ಕಡಿಮೆ ದಿನ ಬಳಸುತ್ತಿದ್ದರು. ಮೊದಲು ಗಾಂಜಾ ಬಿಡಿಸಿ ಆಮೇಲೆ ಮನಸ್ಸಿನ ಗಾಯ ನೋಡೋಣ ಎಂಬ ನಮ್ಮ ಕ್ರಮ ಬದಲಾಗಬೇಕೆಂದು ಇದು ಸ್ಪಷ್ಟವಾಗಿ ಹೇಳುತ್ತದೆ.

ರಾಜ್ಯದ ಶಿಕ್ಷಣ ಇಲಾಖೆ ಮಾಡಬಹುದಾದ ಕೆಲಸಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಮಾದಕವಸ್ತುವಿನ ಕಾರಣಕ್ಕೆ ಯಾವ ಮಗುವಿಗೂ ಟಿ.ಸಿ. ಕೊಡಕೂಡದೆಂದು ಸುತ್ತೋಲೆ ಹೊರಡಿಸಲಿ. ಪ್ರತಿ ತಾಲ್ಲೂಕಿಗೆ ಆಘಾತದ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರನ್ನಾದರೂ ಕೊಡಲಿ. ಮಗು ಸಿಕ್ಕಿಬಿದ್ದ ದಿನವೇ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸುವುದನ್ನು ಕಡ್ಡಾಯ ಮಾಡಲಿ. ಓದುಗರಲ್ಲಿ ಶಿಕ್ಷಕರಿದ್ದರೆ, ಹೆತ್ತವರಿದ್ದರೆ, ಠಾಣೆಯಲ್ಲಿ ಕೆಲಸ ಮಾಡುವವರಿದ್ದರೆ ಅವರಲ್ಲಿ ಒಂದು ಕೋರಿಕೆ. ಪೊಟ್ಟಣ ಸಿಕ್ಕ ದಿನ ಕೈ ಎತ್ತಬೇಡಿ, ಮಗುವನ್ನು ಎಲ್ಲರೆದುರು ನಿಲ್ಲಿಸಬೇಡಿ. ಒಂಟಿಯಾಗಿ ಕೂರಿಸಿಕೊಂಡು ಮನೆಯಲ್ಲಿ, ಶಾಲೆಯಲ್ಲಿ, ಹಾಸ್ಟೆಲಿನಲ್ಲಿ ಯಾರಾದರೂ ನೋಯಿಸುತ್ತಿದ್ದಾರೆಯೇ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416. ಎರಡಕ್ಕೂ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.